ಇಲಿ, ಮನೆ ಮತ್ತು ಪೌರಸಭೆ: ಬೆಂಗಳೂರಿನ ಪ್ಲೇಗಿನ ಹಿನ್ನೆಲೆಯಲ್ಲಿ ಒಂದು ವಿವೇಚನೆ

೧. ಪ್ರಶ್ನೆಯ ಸ್ವರೂಪ

ನಗರಗಳ ಇತಿಹಾಸವನ್ನು ಬರೆಯುವವರು ಕೋಟೆ, ಅರಮನೆ, ದೇವಾಲಯ, ಕೆರೆಗಳನ್ನು ವಿವರವಾಗಿ ವರ್ಣಿಸುವುದು ವಾಡಿಕೆ. ಆ ಕೋಟೆಯ ಬಿರುಕಿನಲ್ಲಿಯೂ, ಪೇಟೆಯ ಧಾನ್ಯದ ಮಂಡಿಗಳಲ್ಲಿಯೂ, ಮನೆಯ ಹೆಂಚಿನ ಸಂದಿಗಳಲ್ಲಿಯೂ ಮನುಷ್ಯನೊಡನೆಯೇ ಬಾಳಿಕೊಂಡು ಬಂದ ಇಲಿ, ಹೆಗ್ಗಣ, ಸೊಳ್ಳೆ, ಚಿಗಟಗಳಿಗೆ ಅಂತಹ ಗ್ರಂಥಗಳಲ್ಲಿ ಸ್ಥಾನ ದೊರೆಯುವುದು ವಿರಳ. ಆದರೂ ಆಧುನಿಕ ನಗರಾಡಳಿತದ ಸ್ವರೂಪವನ್ನು ನಿರ್ಣಯಿಸಿದ ಕಾರಣಗಳಲ್ಲಿ ಈ ಅಲ್ಪಜೀವಿಗಳೂ ಸೇರಿವೆ ಎಂದರೆ ಅತಿಶಯೋಕ್ತಿಯಾಗಲಾರದು. ಬೆಂಗಳೂರಿನ ಬಡಾವಣೆಗಳ ಅಗಲವಾದ ರಸ್ತೆಗಳೂ, ಮನೆಮನೆಗೂ ನಡುವೆ ಬಿಟ್ಟಿರುವ ಬಯಲೂ ಕೇವಲ ಸೌಂದರ್ಯದೃಷ್ಟಿಯಿಂದ ಹುಟ್ಟಿದುವಲ್ಲ. ಅವುಗಳ ಹಿಂದೆ ಇಲಿಯ ಭಯವೂ ಇದ್ದಿತು.

ಈ ವಿಷಯದಲ್ಲಿ ಮೂಲಭೂತವಾದ ಪ್ರಶ್ನೆಯೊಂದಿದೆ. ಮನೆಯಲ್ಲಿ ಸೇರಿಕೊಂಡ ಇಲಿಯನ್ನು ಹಿಡಿಯುವುದು ಮನೆಯವರ ಕೆಲಸವೋ, ಪೌರಸಭೆಯ ಕೆಲಸವೋ? ಮನೆಯವನು ತನ್ನ ಅಟ್ಟವನ್ನು ಶುದ್ಧವಾಗಿಟ್ಟುಕೊಳ್ಳಬಲ್ಲನು. ಬೀದಿಯ ಚರಂಡಿಯನ್ನು ದುರಸ್ತಿ ಮಾಡಿಸಲಾರನು. ಪೌರಸಭೆಯು ಚರಂಡಿಯನ್ನು ಕಟ್ಟಿಸಬಲ್ಲುದು. ಮನೆಯವರ ಸಮ್ಮತಿಯಿಲ್ಲದೆ ಅಡುಗೆಮನೆಯ ಹೊಸ್ತಿಲನ್ನು ದಾಟಲಾರದು, ದಾಟಿದರೂ ಹೆಚ್ಚು ದಿನ ನಿಲ್ಲಲಾರದು. ಇಲಿಯಾದರೋ ಈ ಎರಡು ಸೀಮೆಗಳಲ್ಲಿಯೂ ನಿರಾತಂಕವಾಗಿ ಓಡಾಡುತ್ತದೆ. ಈ ಹೊಣೆಯ ಹಂಚಿಕೆಯನ್ನು ಕುರಿತು ನಮ್ಮ ನಗರಗಳು ಏನನ್ನು ಕಲಿತುವು, ಎಷ್ಟು ಬೆಲೆ ತೆತ್ತು ಕಲಿತುವು ಎಂಬುದನ್ನು ೧೮೯೮ರ ಬೆಂಗಳೂರಿನ ಪ್ಲೇಗನ್ನು ಮುಖ್ಯ ನಿದರ್ಶನವಾಗಿಟ್ಟುಕೊಂಡು ವಿವೇಚಿಸುವುದು ಪ್ರಸ್ತುತ ಲೇಖನದ ಉದ್ದೇಶ.

ಪ್ಲೇಗು ಬರುವುದಕ್ಕೆ ಹದಿನೈದು ವರ್ಷ ಮೊದಲೇ ಇದೇ ಪ್ರಶ್ನೆ ಬೆಂಗಳೂರಿನಲ್ಲಿ ಬೇರೊಂದು ರೂಪದಲ್ಲಿ ತಲೆದೋರಿತ್ತು. ೧೮೮೩ರಲ್ಲಿ ರೊನಾಲ್ಡ್ ರಾಸ್ ಎಂಬ ತರುಣ ವೈದ್ಯನು ಇಲ್ಲಿಯ ದಂಡಿನಲ್ಲಿ ಹಂಗಾಮಿ ಸೇನಾವೈದ್ಯನಾಗಿದ್ದನು. ಅವನು ವಾಸವಾಗಿದ್ದ ಮನೆಯಲ್ಲಿ ಸೊಳ್ಳೆಗಳ ಕಾಟ ವಿಪರೀತವಾಗಿತ್ತು. ಕಿಟಕಿಯ ಹೊರಗಿದ್ದ ನೀರಿನ ತೊಟ್ಟಿಯಲ್ಲಿ ಸೊಳ್ಳೆಯ ಮರಿಹುಳುಗಳು ತುಂಬಿರುವುದನ್ನು ಕಂಡು ಅವನು ತೊಟ್ಟಿಯನ್ನು ಬರಿದು ಮಾಡಿಸಿದನು, ಕಾಟವೂ ಇಳಿಯಿತು. ಸುತ್ತಲಿನ ಕಟ್ಟಡಗಳ ತೊಟ್ಟಿಗಳನ್ನೂ ಹಾಗೆಯೇ ಬರಿದು ಮಾಡಿಸಬಾರದೇಕೆ ಎಂದು ದಂಡಿನ ಅಧಿಕಾರಿಯನ್ನು ಕೇಳಿದಾಗ, ಆತನು ಅದನ್ನು ಹಾಸ್ಯಾಸ್ಪದವೆಂದು ತಳ್ಳಿಹಾಕಿದನೆಂದು ರಾಸನು ತನ್ನ ಸ್ಮೃತಿಗ್ರಂಥದಲ್ಲಿ ಬರೆದಿದ್ದಾನೆ. ಸೃಷ್ಟಿಯಲ್ಲಿ ಸೊಳ್ಳೆಗೂ ಏನೋ ಒಂದು ಉದ್ದೇಶವಿರಬೇಕು, ಅದನ್ನು ಸಹಿಸಿಕೊಳ್ಳಬೇಕು ಎಂಬುದು ಆ ಅಧಿಕಾರಿಯ ವಾದವಾಗಿತ್ತು. ೧೮೯೭ರಲ್ಲಿ ಸಿಕಂದರಾಬಾದಿನಲ್ಲಿ ಮಲೇರಿಯದ ಪರೋಪಜೀವಿಯನ್ನು ಸೊಳ್ಳೆಯ ಒಡಲಿನಲ್ಲಿ ಕಂಡು, ೧೯೦೨ರಲ್ಲಿ ನೊಬೆಲ್ ಪಾರಿತೋಷಕವನ್ನು ಪಡೆದವನು ಈ ರಾಸನೇ. ಒಬ್ಬನ ತೊಟ್ಟಿಯನ್ನು ಬರಿದು ಮಾಡುವುದಕ್ಕೆ ವಿವೇಕ ಸಾಕು. ಇಡೀ ನೆರೆಹೊರೆಯ ತೊಟ್ಟಿಗಳನ್ನು ಬರಿದು ಮಾಡುವುದಕ್ಕೆ ಅಧಿಕಾರದ ಸಮ್ಮತಿ ಬೇಕು. ಈ ಭೇದವು ಇಲಿಯ ವಿಷಯದಲ್ಲಿ ಇನ್ನೂ ಕಠೋರವಾಗಿ ಪ್ರಕಟವಾಯಿತು.

೨. ಎರಡು ಆಡಳಿತಗಳ ನಗರ

ಆಗಿನ ಬೆಂಗಳೂರು ವಾಸ್ತವವಾಗಿ ಎರಡು ಊರುಗಳು. ಪೇಟೆಯ ಭಾಗದಲ್ಲಿ ೧೮೬೨ರಲ್ಲಿ ಪೌರಸಭೆಯು ಸ್ಥಾಪಿತವಾಯಿತು. ದಂಡಿನ ಭಾಗಕ್ಕೆ ಪ್ರತ್ಯೇಕ ಪೌರಸಭೆಯಿತ್ತು. ೧೮೮೧ರಲ್ಲಿ ಮೈಸೂರು ರಾಜ್ಯವು ಒಡೆಯರ ವಂಶಕ್ಕೆ ಮರಳಿದಾಗ ಪೇಟೆಯು ಮಹಾರಾಜರ ಸರ್ಕಾರಕ್ಕೆ ಸೇರಿತು. ದಂಡಿನ ಪ್ರದೇಶವು 'ಸಿವಿಲ್ ಮತ್ತು ಮಿಲಿಟರಿ ಸ್ಟೇಷನ್' ಎಂಬ ಹೆಸರಿನಿಂದ ಬ್ರಿಟಿಷ್ ರೆಸಿಡೆಂಟರ ಆಡಳಿತದಲ್ಲಿಯೇ ಉಳಿದು, ೧೯೪೭ರಲ್ಲಿ ಮೈಸೂರಿಗೆ ಹಿಂದಿರುಗಿತು. ಎರಡು ಪೌರಸಭೆಗಳೂ ಒಂದಾಗಿ ಕಾರ್ಪೊರೇಷನ್ ಏರ್ಪಟ್ಟುದು ೧೯೪೯ರಲ್ಲಿ. ಹೀಗಾಗಿ ಪ್ಲೇಗು ಬಂದಾಗ ಒಂದೇ ಊರಿನ ಜನ ಎರಡು ಬಗೆಯ ಕಾಯಿದೆ, ಎರಡು ಬಗೆಯ ಅಧಿಕಾರಿವರ್ಗಗಳ ಕೈಕೆಳಗಿದ್ದರು. ಇಲಿಗೆ ಮಾತ್ರ ಈ ಗಡಿ ತಿಳಿಯದು.

ಪೇಟೆಯ ರಚನೆಯು ಶತಮಾನಗಳ ಕಾಲ ವ್ಯಾಪಾರದ ಅನುಕೂಲಕ್ಕೆ ತಕ್ಕಂತೆ ಬೆಳೆದು ಬಂದುದು. ತರಗುಪೇಟೆ, ಅಕ್ಕಿಪೇಟೆಗಳಲ್ಲಿ ಧಾನ್ಯದ ಮಂಡಿಗಳು. ಅಂಗಡಿಯ ಹಿಂದೆಯೋ ಮೇಲೆಯೋ ವಾಸದ ಮನೆ. ಒಂದು ಮನೆಯ ಗೋಡೆಗೆ ಮತ್ತೊಂದು ಮನೆಯ ಗೋಡೆ ಒರಗಿದ ಸಾಲುಗಳು. ಮಣ್ಣಿನ ಗೋಡೆ, ಹೆಂಚಿನ ಮಾಡು, ಕತ್ತಲೆಯ ಅಟ್ಟ. ಮನುಷ್ಯನಿಗೆ ವ್ಯವಹಾರಸೌಕರ್ಯವನ್ನು ಒದಗಿಸಿದ ಈ ವ್ಯವಸ್ಥೆಯು ಇಲಿಗೂ ಅಷ್ಟೇ ಸೌಕರ್ಯವನ್ನು ಒದಗಿಸಿತು. ದಿವಾನ್ ಶೇಷಾದ್ರಿ ಅಯ್ಯರ್ ಅವರ ಕಾಲದಲ್ಲಿ, ೧೮೯೬ರಲ್ಲಿ, ಹೆಸರಘಟ್ಟದಿಂದ ಕೊಳಾಯಿಯ ನೀರು ನಗರಕ್ಕೆ ಬಂದಿತು. ಚಾಮರಾಜಪೇಟೆ, ಬಸವನಗುಡಿ, ಮಲ್ಲೇಶ್ವರ ಬಡಾವಣೆಗಳ ಯೋಜನೆಗಳೂ ಪ್ಲೇಗಿಗೆ ಮುಂಚೆಯೇ ೧೮೯೦ರ ದಶಕದಲ್ಲಿ ರೂಪುಗೊಂಡಿದ್ದುವು. ಆದುದರಿಂದ ಆಡಳಿತವು ಸಂಪೂರ್ಣವಾಗಿ ನಿದ್ರಿಸುತ್ತಿತ್ತು ಎನ್ನುವುದು ನ್ಯಾಯವಲ್ಲ. ಆದರೆ ಹಳೆಯ ಪೇಟೆಯ ಒಳಭಾಗವು ಮಾತ್ರ ಇದ್ದಂತೆಯೇ ಇದ್ದಿತು.

೩. ಮೊದಲನೆಯ ಹಂತ: ಮನುಷ್ಯರ ಮೇಲೆ ಕ್ರಮ

೧೮೯೪ರಲ್ಲಿ ಹಾಂಗ್‌ಕಾಂಗಿನಲ್ಲಿ ಕಾಣಿಸಿಕೊಂಡ ಪ್ಲೇಗು ೧೮೯೬ರ ಸೆಪ್ಟೆಂಬರಿನಲ್ಲಿ ಮುಂಬಯಿಯಲ್ಲಿ ಪತ್ತೆಯಾಯಿತು. ಅಲ್ಲಿ ಅದನ್ನು ಮೊದಲು ಗುರುತಿಸಿದವರು ಡಾಕ್ಟರ್ ಅಕಾಸಿಯೊ ವಿಯೇಗಾಸ್. ಸ್ಥಳವು ಬಂದರಿಗೆ ಸಮೀಪದ, ಧಾನ್ಯದ ಗೋದಾಮುಗಳಿಂದ ತುಂಬಿದ ಮಾಂಡವಿ. ಧಾನ್ಯವಿದ್ದಲ್ಲಿ ಇಲಿ, ಇಲಿಯಿದ್ದಲ್ಲಿ ರೋಗ ಎಂಬ ಸಂಬಂಧವು ಅಂದೇ ಕಣ್ಣೆದುರಿಗಿದ್ದರೂ ಅಧಿಕಾರಿಗಳ ದೃಷ್ಟಿ ಅದರ ಮೇಲೆ ನಿಲ್ಲಲಿಲ್ಲ. ರೋಗವು ಮನುಷ್ಯನಿಂದ ಮನುಷ್ಯನಿಗೆ, ಬಟ್ಟೆಬರೆಗಳಿಂದ, ಕೊಳೆಯಾದ ನೆಲದಿಂದ ಹರಡುತ್ತದೆಂಬುದು ಆಗಿನ ಪ್ರಬಲ ಅಭಿಪ್ರಾಯ. ಅದಕ್ಕೆ ಅನುಗುಣವಾಗಿ ೧೮೯೭ರಲ್ಲಿ ಸಾಂಕ್ರಾಮಿಕ ರೋಗಗಳ ಕಾಯಿದೆ ಜಾರಿಗೆ ಬಂದಿತು. ಮನೆಗಳ ಶೋಧನೆ, ರೋಗಿಗಳನ್ನು ಬಲವಂತವಾಗಿ ಆಸ್ಪತ್ರೆಗೆ ಸಾಗಿಸುವುದು, ಅವರ ಸಂಬಂಧಿಗಳನ್ನು ಪ್ರತ್ಯೇಕ ಶಿಬಿರಗಳಲ್ಲಿರಿಸುವುದು, ರೈಲು ನಿಲ್ದಾಣಗಳಲ್ಲಿ ಪ್ರಯಾಣಿಕರ ದೇಹಪರೀಕ್ಷೆ, ಮನೆಯ ನೆಲವನ್ನು ಅಗೆದು ರೋಗಾಣುನಾಶಕ ದ್ರವವನ್ನು ಸುರಿಯುವುದು ಇವೇ ಮುಖ್ಯವಾದ ಕ್ರಮಗಳಾದುವು.

೧೮೯೮ರ ಆಗಸ್ಟಿನಲ್ಲಿ ಪ್ಲೇಗು ಹುಬ್ಬಳ್ಳಿಯ ಕಡೆಯಿಂದ ರೈಲುಮಾರ್ಗವಾಗಿ ಬೆಂಗಳೂರನ್ನು ಮುಟ್ಟಿತು. ಮೈಸೂರು ಸರ್ಕಾರವು ವಿ. ಪಿ. ಮಾಧವರಾಯರನ್ನು ಪ್ಲೇಗು ಕಮಿಷನರನ್ನಾಗಿ ನಿಯಮಿಸಿತು. ಮುಂದೆ ೧೯೦೬ರಲ್ಲಿ ದಿವಾನರಾದವರು ಇವರೇ. ಬ್ರಿಟಿಷ್ ಇಂಡಿಯದಲ್ಲಿ ನಡೆದ ಬಗೆಯ ಕ್ರಮಗಳೇ ಇಲ್ಲಿಯೂ ನಡೆದುವು. ಜನ ಗುಂಪುಗುಂಪಾಗಿ ಊರನ್ನು ತೊರೆದರು.

ಈ ಆಪತ್ತಿನ ಗಾತ್ರವನ್ನು ಜನಗಣತಿಯ ಅಂಕಿಗಳು ಒಂದು ಮಟ್ಟಿಗೆ ಸೂಚಿಸುತ್ತವೆ. ೧೮೯೧ರಲ್ಲಿ ಪೇಟೆಯ ಭಾಗದ ಜನಸಂಖ್ಯೆ ೮೦,೨೮೫, ದಂಡಿನ ಭಾಗದ್ದು ೧,೦೦,೦೮೧, ಒಟ್ಟು ೧,೮೦,೩೬೬. ೧೯೦೧ರಲ್ಲಿ ಪೇಟೆಯಲ್ಲಿ ೬೯,೪೪೭, ದಂಡಿನಲ್ಲಿ ೮೯,೫೯೯; ಒಟ್ಟು ೧,೫೯,೦೪೬. ಬೆಳೆಯುತ್ತಿದ್ದ ನಗರವೊಂದು ಹತ್ತು ವರ್ಷಗಳಲ್ಲಿ ೨೧,೩೨೦ ಜನರನ್ನು ಕಳೆದುಕೊಂಡಂತಾಯಿತು. ಇಷ್ಟು ಜನರೂ ಮಡಿದರೆಂದು ಇದರಿಂದ ಊಹಿಸತಕ್ಕುದಲ್ಲ. ಊರು ಬಿಟ್ಟು ಹೋದವರೂ ಇದರಲ್ಲಿ ಸೇರಿದ್ದಾರೆ. ಆದರೆ ಇಳಿಕೆಯು ಎರಡು ಆಡಳಿತಗಳಲ್ಲಿಯೂ ಹತ್ತು ಸಾವಿರವನ್ನು ಮೀರಿದುದು ಗಮನಾರ್ಹ. ಮಹಾರಾಜರ ಪೌರಸಭೆಯಾಗಲಿ, ರೆಸಿಡೆಂಟರ ಪೌರಸಭೆಯಾಗಲಿ ತಾನು ಹೆಚ್ಚು ಸಮರ್ಥವೆಂದು ಹೇಳಿಕೊಳ್ಳಲು ಈ ಅಂಕಿಗಳು ಅವಕಾಶ ಕೊಡುವುದಿಲ್ಲ.

ಮನುಷ್ಯರನ್ನೇ ಗುರಿಯಾಗಿಟ್ಟುಕೊಂಡ ಕ್ರಮಗಳಿಗೆ ಜನರ ಪ್ರತಿಭಟನೆಯೂ ಉಗ್ರವಾಗಿಯೇ ಬಂದಿತು. ಪುಣೆಯಲ್ಲಿ ಸೈನಿಕರಿಂದ ಮನೆಗಳ ಶೋಧನೆ ನಡೆಸಿದ ಪ್ಲೇಗು ಅಧಿಕಾರಿ ರ‍್ಯಾಂಡನು ೧೮೯೭ರ ಜೂನ್ ೨೨ರಂದು ಚಾಪೇಕರ್ ಸೋದರರ ಗುಂಡಿಗೆ ಗುರಿಯಾದನು. ಶ್ರೀರಂಗಪಟ್ಟಣದ ಗಂಜಾಮಿನಲ್ಲಿ ೧೮೯೮ರಲ್ಲಿ ಪ್ಲೇಗು ನಿಯಮಗಳ ವಿರುದ್ಧ ಗಲಭೆ ನಡೆಯಿತು. ಇಂತಹ ಘಟನೆಗಳನ್ನು ಅಜ್ಞಾನಿಗಳ ಆವೇಶವೆಂದು ಕರೆಯುವುದು ಆಗಿನ ಅಧಿಕಾರಿಗಳ ರೂಢಿಯಾಗಿತ್ತು. ಆದರೆ ಆ ಜನ ವಿರೋಧಿಸಿದುದು ನೈರ್ಮಲ್ಯವನ್ನಲ್ಲ. ಹೆಂಗಸರ ದೇಹಪರೀಕ್ಷೆಯನ್ನು, ಸಾಯುವವರನ್ನು ಬಂಧುಗಳಿಂದ ಬೇರ್ಪಡಿಸುವುದನ್ನು, ಅಡುಗೆಮನೆಯನ್ನೂ ದೇವರ ಕೋಣೆಯನ್ನೂ ಅಗೆಯುವುದನ್ನು. ಇವಾವುವೂ ರೋಗವನ್ನು ತಡೆಯಲಿಲ್ಲವೆಂಬುದನ್ನು ನಂತರದ ವಿಜ್ಞಾನವೇ ಸ್ಥಿರಪಡಿಸಿತು. ನೆಲದ ಮೇಲೆ ಸುರಿದ ದ್ರವವು ಮಾಡಿನಲ್ಲಿದ್ದ ಇಲಿಯನ್ನೂ ಅದರ ಮೈಮೇಲಿನ ಚಿಗಟವನ್ನೂ ಮುಟ್ಟಲಿಲ್ಲ.

೪. ಜನರ ಅನುಭವ ಮತ್ತು ವಿಜ್ಞಾನದ ವಿಳಂಬ

ಇಲಿಗೂ ಪ್ಲೇಗಿಗೂ ಇರುವ ಸಂಬಂಧವು ಜನರಿಗೆ ಹೊಸದಾಗಿರಲಿಲ್ಲ. ೧೬೧೮-೧೯ರ ಸುಮಾರಿನಲ್ಲಿ ಆಗ್ರಾ ಪ್ರಾಂತದಲ್ಲಿ ಹಬ್ಬಿದ ಮಾರಿಯನ್ನು ಕುರಿತು ಜಹಾಂಗೀರ್ ಚಕ್ರವರ್ತಿಯ ಸ್ಮರಣೆಗಳಲ್ಲಿ, ಮನೆಯಲ್ಲಿ ಇಲಿಯೊಂದು ಅಮಲೇರಿದಂತೆ ತೂರಾಡುತ್ತ ಬಂದು ಸತ್ತ ವಿವರವು ಬರುತ್ತದೆ. ಹತ್ತೊಂಬತ್ತನೆಯ ಶತಮಾನದಲ್ಲಿ ಗಢವಾಲ, ಕುಮಾವೂ ಬೆಟ್ಟಗಳ ಹಳ್ಳಿಗರು ಇಲಿಗಳು ಸಾಯತೊಡಗಿದೊಡನೆ ಊರನ್ನು ತೊರೆಯುತ್ತಿದ್ದರೆಂದು ಬ್ರಿಟಿಷ್ ವೈದ್ಯಾಧಿಕಾರಿಗಳೇ ದಾಖಲಿಸಿದ್ದಾರೆ. ಕನ್ನಡ ನಾಡಿನಲ್ಲಿಯೂ "ಇಲಿ ಬಿತ್ತು" ಎಂಬ ಮಾತು ಊರು ಬಿಡುವುದಕ್ಕೆ ಸಾಕಾದ ಸೂಚನೆಯಾಗಿತ್ತು. ಜನ ಹೊಲಗಳಲ್ಲಿ, ತೋಪುಗಳಲ್ಲಿ ಗುಡಿಸಲು ಹಾಕಿಕೊಂಡು ವಾಸಿಸುತ್ತಿದ್ದ ಪ್ರಸಂಗಗಳು ನಮ್ಮ ಹಿರಿಯರ ಬಾಯಲ್ಲಿ ಬಹುಕಾಲ ಉಳಿದುವು. ಜೊತೆಗೆ ಪ್ಲೇಗಮ್ಮನಿಗೆ ಗುಡಿಯನ್ನೂ ಕಟ್ಟಿದರು, ಹರಕೆಯನ್ನೂ ಹೊತ್ತರು. ಆದರೆ ಹರಕೆ ಹೊತ್ತವರು ಇಲಿ ಬಿದ್ದ ಮನೆಯಲ್ಲಿಯೇ ಕುಳಿತಿರಲಿಲ್ಲವೆಂಬುದನ್ನು ಮರೆಯಬಾರದು. ಚಿಗಟದ ವಿಚಾರ ತಿಳಿಯದಿದ್ದರೂ ಅವರು ಅನುಸರಿಸಿದ ಉಪಾಯವು ಚಿಗಟದಿಂದ ದೂರ ಸರಿಯುವ ಉಪಾಯವೇ ಆಗಿತ್ತು.

ವಿಜ್ಞಾನಿಗಳಲ್ಲಿ ಈ ಕೊಂಡಿಯನ್ನು ಮೊದಲು ಪ್ರಯೋಗದಿಂದ ತೋರಿಸಿದವನು ಫ್ರೆಂಚ್ ವೈದ್ಯನಾದ ಪಾಲ್-ಲೂಯಿ ಸೈಮಂಡ್. ೧೮೯೮ರ ಜೂನಿನಲ್ಲಿ, ಎಂದರೆ ಬೆಂಗಳೂರಿಗೆ ಪ್ಲೇಗು ಬರುವುದಕ್ಕೆ ಎರಡು ತಿಂಗಳ ಮೊದಲು, ಕರಾಚಿಯಲ್ಲಿ ಅವನು ರೋಗಗ್ರಸ್ತ ಇಲಿಯಿಂದ ಆರೋಗ್ಯವಂತ ಇಲಿಗೆ ಚಿಗಟವು ರೋಗವನ್ನು ಒಯ್ಯುವುದನ್ನು ಕಂಡನು. ಆದರೆ ಆ ವರ್ಷವೇ ನೇಮಕಗೊಂಡ ಭಾರತೀಯ ಪ್ಲೇಗು ಆಯೋಗವು ಈ ಸಿದ್ಧಾಂತವನ್ನು ಸ್ವೀಕರಿಸಲಿಲ್ಲ. ಮುಂಬಯಿಯಲ್ಲಿ ಲಿಸ್ಟನ್ ನಡೆಸಿದ ಪ್ರಯೋಗಗಳೂ, ೧೯೦೫ರಿಂದ ಕಾರ್ಯಾರಂಭ ಮಾಡಿದ ಪ್ಲೇಗು ಸಂಶೋಧನಾ ಮಂಡಲಿಯ ವರದಿಗಳೂ ಬಂದ ಮೇಲೆಯೇ ಇಲಿ-ಚಿಗಟಗಳ ಪಾತ್ರವು ನಿಸ್ಸಂದೇಹವಾಗಿ ಸ್ಥಾಪಿತವಾಯಿತು. ನಡುವೆ ಸಂದ ಏಳೆಂಟು ವರ್ಷಗಳಲ್ಲಿ ಲಕ್ಷಾಂತರ ಜನ ಮಡಿದರು. ಇಪ್ಪತ್ತನೆಯ ಶತಮಾನದ ಮಧ್ಯಭಾಗದವರೆಗೆ ಭಾರತದಲ್ಲಿ ಪ್ಲೇಗಿಗೆ ಬಲಿಯಾದವರ ಸಂಖ್ಯೆ ೧ ಕೋಟಿ ೨೦ ಲಕ್ಷದಷ್ಟೆಂದು ಅಂದಾಜು ಮಾಡಲಾಗಿದೆ.

ಸಂಶೋಧನಾ ಮಂಡಲಿಯು ಮುಂಬಯಿಯಲ್ಲಿ ಕಂಡ ಒಂದು ಸಂಗತಿಯು ನಮ್ಮ ಪ್ರಶ್ನೆಗೆ ನೇರವಾಗಿ ಸಂಬಂಧಿಸಿದೆ. ಆ ನಗರದಲ್ಲಿ ಇಲಿಗಳು ಎರಡು ಜಾತಿಯವು. ಕಂದು ಬಣ್ಣದ ದೊಡ್ಡ ಇಲಿಯು ಚರಂಡಿ, ಮೋರಿಗಳಲ್ಲಿ ವಾಸಿಸುವುದು; ಕಪ್ಪು ಇಲಿಯು ಮನೆಯೊಳಗೆ, ಮನುಷ್ಯನ ನೆರೆಯಲ್ಲಿ ವಾಸಿಸುವುದು. ರೋಗವು ಮೊದಲು ಚರಂಡಿಯ ಇಲಿಗಳಲ್ಲಿ ಹಬ್ಬಿ, ಹತ್ತು-ಹದಿನೈದು ದಿನಗಳಲ್ಲಿ ಮನೆಯ ಇಲಿಗಳಿಗೆ ತಗುಲಿ, ಮತ್ತೆ ಅಷ್ಟೇ ಅಂತರದಲ್ಲಿ ಮನುಷ್ಯರಿಗೆ ಬರುತ್ತಿತ್ತು. ಪೌರಸಭೆಯ ಸ್ವತ್ತಾದ ಚರಂಡಿಯೂ ಗೃಹಸ್ಥನ ಸ್ವತ್ತಾದ ಮನೆಯೂ ಒಂದೇ ಸರಪಣಿಯ ಎರಡು ಕೊಂಡಿಗಳು ಎಂಬುದಕ್ಕೆ ಇದಕ್ಕಿಂತ ಪ್ರಬಲವಾದ ಪ್ರಮಾಣ ಬೇಕಿಲ್ಲ. ಕಂದು ಇಲಿಯು ಆಗ ಮುಖ್ಯವಾಗಿ ಬಂದರು ನಗರಗಳ ಪ್ರಾಣಿ. ಒಳನಾಡಿನ ಬೆಂಗಳೂರಿನಂತಹ ಊರುಗಳಲ್ಲಿ ಮನೆ ಮತ್ತು ಮಂಡಿಗಳ ಕಪ್ಪು ಇಲಿಯೇ ರೋಗದ ಮುಖ್ಯ ವಾಹಕ. ಆದುದರಿಂದ ಇಲ್ಲಿ ಬೀದಿಯನ್ನು ಮಾತ್ರ ಶುದ್ಧಿಗೊಳಿಸಿದರೆ ಸಾಲದು. ಮನೆಯ ರಚನೆಯೇ ಬದಲಾಗಬೇಕಿತ್ತು.

೫. ಎರಡನೆಯ ಹಂತ: ಇಲಿಯ ಬೇಟೆ

ಇಲಿಯೇ ಶತ್ರುವೆಂದು ತಿಳಿದೊಡನೆ ಅದನ್ನು ಕೊಲ್ಲುವ ಉತ್ಸಾಹ ಎಲ್ಲೆಲ್ಲಿಯೂ ಉಂಟಾಯಿತು. ಬೋನುಗಳನ್ನು ಹಂಚುವುದು, ಪಾಷಾಣವನ್ನಿಡುವುದು, ಸತ್ತ ಇಲಿಗೆ ಇನಾಮು ಕೊಡುವುದು ಪೌರಸಭೆಗಳ ಕಾರ್ಯಕ್ರಮದಲ್ಲಿ ಸೇರಿದುವು. ಈ ಕಾರ್ಯಕ್ಕೆ ನಮ್ಮ ದೇಶದಲ್ಲಿ ಧಾರ್ಮಿಕ ಸಂಕೋಚವೂ ಅಡ್ಡಬಂದಿತು. ಇಲಿಯು ಗಣಪತಿಯ ವಾಹನ. ಜೈನರಿಗೆ ಪ್ರಾಣಿಹಿಂಸೆ ವರ್ಜ್ಯ. ಬೋನಿಗೆ ಬಿದ್ದ ಇಲಿಯನ್ನು ದೂರದ ಬೀದಿಯಲ್ಲಿ ಬಿಟ್ಟುಬರುವ ಸಾಧುಸ್ವಭಾವದ ಗೃಹಸ್ಥರು ಎಲ್ಲ ಊರುಗಳಲ್ಲಿಯೂ ಇದ್ದರು, ಇಂದಿಗೂ ಇದ್ದಾರೆ. ತಮ್ಮ ಕಂಟಕವನ್ನು ಪಕ್ಕದ ಬೀದಿಗೆ ದಾಟಿಸುವುದು ಅಹಿಂಸೆಯೆನಿಸಿದರೂ ಪೌರಧರ್ಮವೆನಿಸಲಾರದು.

ಆದರೆ ಬೇಟೆಯ ದೌರ್ಬಲ್ಯವು ಧರ್ಮಸಂಕೋಚಕ್ಕಿಂತ ಆಳವಾದುದು. ಇಲಿಯ ಗರ್ಭಾವಧಿ ಮೂರು ವಾರಗಳಷ್ಟು ಮಾತ್ರ. ಒಂದೊಂದು ಬಾರಿಗೂ ಹಲವು ಮರಿಗಳು. ಆ ಮರಿಗಳು ಕೆಲವೇ ತಿಂಗಳಲ್ಲಿ ತಾವೇ ಮರಿಹಾಕುತ್ತವೆ. ಆಹಾರವೂ ಆಶ್ರಯವೂ ಇದ್ದಂತೆಯೇ ಉಳಿದರೆ ಕೊಂದ ಇಲಿಗಳ ಸ್ಥಾನವು ಬೇಗನೆ ತುಂಬಿಬರುತ್ತದೆ. ಇದನ್ನು ಅತ್ಯಂತ ನಿಚ್ಚಳವಾಗಿ ತೋರಿಸಿದ ಪ್ರಸಂಗವು ಫ್ರೆಂಚರ ವಸಾಹತಾಗಿದ್ದ ಹನಾಯ್ ನಗರದಲ್ಲಿ ೧೯೦೨ರಲ್ಲಿ ನಡೆಯಿತು. ಆಧುನಿಕತೆಯ ಚಿಹ್ನೆಯೆಂದು ಕಟ್ಟಿಸಿದ ನೆಲದಡಿಯ ಚರಂಡಿಗಳೇ ಇಲಿಗಳ ನೆಲೆಯಾದುವು. ಆಡಳಿತವು ಒಂದೊಂದು ಇಲಿಯ ಬಾಲಕ್ಕೂ ಇನಾಮನ್ನು ಘೋಷಿಸಿತು. ಬಾಲಗಳು ಸಾವಿರಗಟ್ಟಲೆ ಬರತೊಡಗಿದುವು. ಆದರೆ ಬೀದಿಗಳಲ್ಲಿ ಬಾಲವಿಲ್ಲದ ಇಲಿಗಳು ಓಡಾಡುವುದೂ ಕಂಡುಬಂದಿತು. ಬಾಲವನ್ನು ಕತ್ತರಿಸಿ, ಸಂತತಿ ಬೆಳೆಯಲೆಂದು ಇಲಿಯನ್ನು ಬಿಟ್ಟುಬಿಡುತ್ತಿದ್ದರು. ಇನಾಮಿಗಾಗಿ ಇಲಿಗಳನ್ನು ಸಾಕುತ್ತಿದ್ದವರೂ ಇದ್ದರು. ಇನಾಮಿನ ಪದ್ಧತಿಯನ್ನು ಕೈಬಿಡಬೇಕಾಯಿತು. ಇದನ್ನು ಜನರ ಕಪಟವೆಂದು ಮಾತ್ರ ಭಾವಿಸುವುದು ಸರಿಯಲ್ಲ. ಆಡಳಿತವು ಅಪೇಕ್ಷಿಸಿದುದು ಇಲಿಯಿಲ್ಲದ ನಗರವನ್ನು. ಹಣ ಕೊಟ್ಟುದು ಬಾಲಗಳ ಎಣಿಕೆಗೆ. ಎಣಿಕೆಯನ್ನೇ ಸಾಧನೆಯೆಂದು ತಿಳಿಯುವ ಕಚೇರಿಯು ಎಣಿಕೆಯನ್ನು ಮಾತ್ರ ಪಡೆಯುತ್ತದೆ.

೬. ಮೂರನೆಯ ಹಂತ: ಮನೆ ಮತ್ತು ಬೀದಿಯ ರಚನೆ

ಮನುಷ್ಯರನ್ನು ಅಟ್ಟುವುದರಿಂದಲೂ ಇಲಿಗಳನ್ನು ಅಟ್ಟುವುದರಿಂದಲೂ ಶಾಶ್ವತ ಫಲ ದೊರೆಯದಿದ್ದಾಗ ದೃಷ್ಟಿಯು ಇಲಿಯ ಆಶ್ರಯದತ್ತ ತಿರುಗಿತು. ಮುಂಬಯಿಯಲ್ಲಿ ೧೮೯೮ರಲ್ಲಿ ನಗರಾಭಿವೃದ್ಧಿ ಟ್ರಸ್ಟು ಸ್ಥಾಪಿತವಾಯಿತು. ಮೈಸೂರು ನಗರದಲ್ಲಿ ಅಂತಹ ಟ್ರಸ್ಟ್ ಬೋರ್ಡು ೧೯೦೩ರಲ್ಲಿ ಏರ್ಪಟ್ಟಿತು. ಬೆಂಗಳೂರಿನ ಬಸವನಗುಡಿ, ಮಲ್ಲೇಶ್ವರಗಳಿಗೆ ಪ್ಲೇಗಿನ ಭಯದಿಂದ ಜನ ಹೆಚ್ಚಾಗಿ ಬಂದು ನೆಲೆಸಿದರು. ದಂಡಿನ ಭಾಗದಲ್ಲಿ ರೆಸಿಡೆಂಟ್ ಸ್ಟುಅರ್ಟ್ ಫ್ರೇಸರನ ಹೆಸರಿನ ಫ್ರೇಸರ್ ಟೌನ್ ೧೯೧೦ರ ವೇಳೆಗೆ ಸಿದ್ಧವಾಯಿತು. ಈಗ ಅದಕ್ಕೆ ಪುಲಕೇಶಿನಗರವೆಂಬ ಹೆಸರೂ ಇದೆ. ಇದರ ನಿರ್ಮಾಣದಲ್ಲಿ ಮುಖ್ಯ ಪಾತ್ರ ವಹಿಸಿದ ಇಂಜಿನಿಯರ್ ಜೆ. ಎಚ್. ಸ್ಟೀಫನ್ಸ್ ೧೯೧೪ರಲ್ಲಿ ಬೆಂಗಳೂರಿನ ಪ್ಲೇಗು ನಿರೋಧಕ ನಗರಯೋಜನೆಯನ್ನು ಕುರಿತು ಪ್ರತ್ಯೇಕ ಗ್ರಂಥವನ್ನೇ ಪ್ರಕಟಿಸಿದನು.

ಮೂಷಕ ನಿರೋಧಕ ಗೃಹನಿರ್ಮಾಣದ ತತ್ವವು ಸರಳವಾದುದು. ಮನೆಯ ತಳಪಾಯವನ್ನು ನೆಲಮಟ್ಟಕ್ಕಿಂತ ಎತ್ತರಿಸಿ ಇಲಿ ಕೊರೆಯಲಾರದ ಗಟ್ಟಿಯಾದ ನೆಲವನ್ನು ಹಾಕುವುದು. ಮನೆಮನೆಗೂ ಒಂದೇ ಗೋಡೆಯಿಲ್ಲದಂತೆ ಸುತ್ತಲೂ ಬಯಲನ್ನು ಬಿಡುವುದು. ಗಾಳಿ ಬೆಳಕುಗಳನ್ನು ಒಳಗೆ ಬಿಟ್ಟು ಕತ್ತಲೆಯ ಮೂಲೆಗಳನ್ನು ತೊಡೆದುಹಾಕುವುದು. ಧಾನ್ಯದ ಮಂಡಿಯನ್ನು ವಾಸದ ಮನೆಯಿಂದ ಬೇರ್ಪಡಿಸುವುದು. ಕಸವನ್ನು ಹಿಂಭಾಗದ ಓಣಿಯಿಂದಲೇ ಸಾಗಿಸುವುದು. ಇವುಗಳಲ್ಲಿ ಕೆಲವು ಗೃಹಸ್ಥನು ಮಾಡಬೇಕಾದುವು, ಕೆಲವು ಪೌರಸಭೆಯು ಮಾಡಬೇಕಾದುವು. ಆದರೆ ಒಂದನ್ನು ಬಿಟ್ಟರೆ ಮತ್ತೊಂದು ವ್ಯರ್ಥ. ಮನೆ ಮತ್ತು ಬೀದಿಗಳ ಹೊಣೆಗಳು ಒಂದೇ ನಕ್ಷೆಯ ಮೇಲೆ ಬಂದುದೇ ಈ ಹಂತದ ವಿಶೇಷ.

ಇದೇ ಕಾಲದಲ್ಲಿ ಅಮೆರಿಕದ ಸಾನ್‌ಫ್ರಾನ್ಸಿಸ್ಕೊ ನಗರವೂ ಇದೇ ಮಾರ್ಗವನ್ನು ತುಳಿಯಿತು. ೧೯೦೦ರಲ್ಲಿ ಅಲ್ಲಿ ಪ್ಲೇಗು ಕಾಣಿಸಿದಾಗ ಚೀನೀಯರ ಕೇರಿಗೆ ಹಗ್ಗ ಕಟ್ಟಿ ದಿಗ್ಬಂಧನ ವಿಧಿಸಲಾಯಿತು. ಅದು ಒಂದು ಜನಾಂಗವನ್ನೇ ಗುರಿಯಾಗಿಟ್ಟುಕೊಂಡ ಪಕ್ಷಪಾತದ ಕ್ರಮವೆಂದು ನ್ಯಾಯಾಲಯವು ರದ್ದುಪಡಿಸಿತು. ರಾಜ್ಯದ ಗವರ್ನರನಾದರೋ ವ್ಯಾಪಾರಕ್ಕೆ ಧಕ್ಕೆಯಾದೀತೆಂದು ರೋಗವೇ ಇಲ್ಲವೆಂದು ಸಾಧಿಸಿದನು. ೧೯೦೭-೦೮ರಲ್ಲಿ ಅದು ಮರುಕಳಿಸಿದಾಗ ವೈದ್ಯಾಧಿಕಾರಿ ರೂಪರ್ಟ್ ಬ್ಲೂ ಮನುಷ್ಯರನ್ನು ಬಿಟ್ಟು ಇಲಿಯ ನೆಲೆಗಳನ್ನು ಹಿಡಿದನು: ಕಾಂಕ್ರೀಟಿನ ನೆಲ, ಮುಚ್ಚಳವಿರುವ ಕಸದ ಡಬ್ಬಿ, ಕುದುರೆಲಾಯಗಳ ಶುದ್ಧಿ. ನಾಗರಿಕರ ಆರೋಗ್ಯಸಮಿತಿಯೊಂದು ಹಣವನ್ನೂ ಪ್ರಚಾರವನ್ನೂ ಒದಗಿಸಿತು. ದೂರದ ಎರಡು ನಗರಗಳು ಸ್ವತಂತ್ರವಾಗಿ ಒಂದೇ ತೀರ್ಮಾನಕ್ಕೆ ಬಂದುದು ಆ ತೀರ್ಮಾನದ ಬಲವನ್ನು ಸೂಚಿಸುತ್ತದೆ.

ಆದರೆ ಈ ಚಿತ್ರಕ್ಕೆ ಇನ್ನೊಂದು ಮುಖವಿದೆ. ಹೊಸ ಬಡಾವಣೆಯಲ್ಲಿ ನಿವೇಶನವನ್ನು ಕೊಂಡು ಮನೆ ಕಟ್ಟಿಸಲು ಶಕ್ತಿಯಿದ್ದವರು ಹಳೆಯ ಪೇಟೆಯನ್ನು ಬಿಟ್ಟುಹೋದರು; ಶಕ್ತಿಯಿಲ್ಲದವರು ಅಲ್ಲಿಯೇ ಉಳಿದರು. ಇಲಿಯು ಬಡವರೊಡನೆ ಉಳಿಯಿತು. ಅಲ್ಲದೆ ಕಸವನ್ನು ತೆಗೆಯುವ, ಮಲವನ್ನು ಹೊರುವ, ಸತ್ತ ಇಲಿಗಳನ್ನು ಎತ್ತುವ ಕೆಲಸವೆಲ್ಲವೂ ಸಮಾಜವು ಅಸ್ಪೃಶ್ಯರೆಂದು ಕರೆದು ದೂರವಿಟ್ಟಿದ್ದ ಪೌರಕಾರ್ಮಿಕರ ಪಾಲಿಗೆ ಬಂದಿತು. ನಗರದ ಆರೋಗ್ಯವನ್ನು ಕಾಪಾಡಿದವರಿಗೆ ನಗರದ ಆರೋಗ್ಯಕರ ಭಾಗಗಳಲ್ಲಿ ಮನೆಯಿರಲಿಲ್ಲ.

೭. ಪೌರಸಭೆಯು ಕದಲುವುದು ಯಾವಾಗ?

ಮೇಲಿನ ವೃತ್ತಾಂತದಿಂದ ಒಂದು ಸಂಗತಿ ವ್ಯಕ್ತವಾಗುತ್ತದೆ. ಇಲಿಗಳು ಪೇಟೆಯಲ್ಲಿ ಶತಮಾನಗಳಿಂದ ಇದ್ದುವು. ಆಡಳಿತವು ಎಚ್ಚೆತ್ತುದು ರೈಲಿನ ಸಂಚಾರವೂ, ದಂಡಿನ ಸೈನಿಕರ ಆರೋಗ್ಯವೂ, ವ್ಯಾಪಾರವೂ ಅಪಾಯಕ್ಕೆ ಸಿಲುಕಿದಾಗ. ಆಗಿನ ಪೌರಸಭೆಗಳಲ್ಲಿ ಮತದ ಹಕ್ಕು ಆಸ್ತಿ-ತೆರಿಗೆಗಳನ್ನು ಅವಲಂಬಿಸಿದ್ದುದರಿಂದ ಕಂಟಕವನ್ನು ಹೆಚ್ಚು ಅನುಭವಿಸುವವರ ದನಿಯು ಸಭೆಯೊಳಗೆ ಕೇಳುತ್ತಿರಲಿಲ್ಲ. ಅವರಿಗೆ ಉಳಿದಿದ್ದುವು ಎರಡೇ ದಾರಿಗಳು: ಊರು ಬಿಡುವುದು ಅಥವಾ ದಂಗೆಯೇಳುವುದು. ಬಲವಂತದ ಕ್ರಮಗಳು ಶತಮಾನಾಂತ್ಯದ ವೇಳೆಗೆ ಸಡಿಲಗೊಂಡುದಕ್ಕೆ ಈ ಪ್ರತಿರೋಧವೂ ಒಂದು ಮುಖ್ಯ ಕಾರಣ. ಹಾಫ್‌ಕಿನ್ ಸಿದ್ಧಪಡಿಸಿದ ಪ್ಲೇಗು ಚುಚ್ಚುಮದ್ದನ್ನು ಹುಬ್ಬಳ್ಳಿಯಲ್ಲಿ ೧೮೯೮ರಲ್ಲಿ ಸಾವಿರಾರು ಜನ ಹಾಕಿಸಿಕೊಂಡರೆಂಬುದನ್ನು ಗಮನಿಸಿದರೆ, ಪ್ರಯೋಜನವು ಕಣ್ಣಿಗೆ ಕಂಡಲ್ಲಿ ಜನ ಸಹಕರಿಸಲು ಸಿದ್ಧರಾಗಿದ್ದರೆಂಬುದೂ ವಿದಿತವಾಗುತ್ತದೆ.

ಮೂರನೆಯ ದಾರಿಯೊಂದು ಕಾನೂನಿನಲ್ಲಿ ಅಡಗಿತ್ತು. ಬ್ರಿಟಿಷ್ ಇಂಡಿಯದ ದಂಡಪ್ರಕ್ರಿಯಾ ಸಂಹಿತೆಯ ೧೩೩ನೆಯ ವಿಧಿಯು ಸಾರ್ವಜನಿಕ ಕಂಟಕವನ್ನು ನಿವಾರ‍ಿಸುವಂತೆ ಆಜ್ಞೆ ಮಾಡುವ ಅಧಿಕಾರವನ್ನು ಮ್ಯಾಜಿಸ್ಟ್ರೇಟರಿಗೆ ನೀಡಿತ್ತು. ಈ ಸಂಹಿತೆಯೂ ೧೮೯೮ರದೇ ಎಂಬುದು ಕಾಕತಾಳೀಯ. ಅದರ ಪೂರ್ಣಶಕ್ತಿಯು ಪ್ರಕಟವಾದುದು ಎಂಬತ್ತೆರಡು ವರ್ಷಗಳ ಬಳಿಕ. ಮಧ್ಯಪ್ರದೇಶದ ರತ್ಲಾಮ್ ಪಟ್ಟಣದ ಒಂದು ವಾರ್ಡಿನ ನಿವಾಸಿಗಳು ತೆರೆದ ಚರಂಡಿ, ದುರ್ಗಂಧ, ಸೊಳ್ಳೆಗಳ ಹಾವಳಿಯಿಂದ ಬೇಸತ್ತು ಈ ವಿಧಿಯ ಮೇರೆಗೆ ಮ್ಯಾಜಿಸ್ಟ್ರೇಟರ ಮೊರೆಹೊಕ್ಕರು. ಪೌರಸಭೆಯು ತನ್ನಲ್ಲಿ ಹಣವಿಲ್ಲವೆಂದು ವಾದಿಸುತ್ತ ಸರ್ವೋಚ್ಚ ನ್ಯಾಯಾಲಯದವರೆಗೆ ಹೋಯಿತು. ೧೯೮೦ರಲ್ಲಿ ನ್ಯಾಯಮೂರ್ತಿ ವಿ. ಆರ್. ಕೃಷ್ಣ ಅಯ್ಯರ್ ಅವರ ತೀರ್ಪು ಈ ವಾದವನ್ನು ತಿರಸ್ಕರಿಸಿತು. ನೈರ್ಮಲ್ಯವು ಪೌರಸಭೆಯ ಕಾಯಿದೆಬದ್ಧ ಕರ್ತವ್ಯ. ಬೊಕ್ಕಸ ಬರಿದಾಗಿದೆಯೆಂಬ ಕಾರಣದಿಂದ ಅದರಿಂದ ಬಿಡುಗಡೆಯಿಲ್ಲ ಎಂಬುದು ಅದರ ಸಾರಾಂಶ. ಹೊಸ ನಾಗರಿಕ ಸುರಕ್ಷಾ ಸಂಹಿತೆಯಲ್ಲಿಯೂ ಈ ಅಧಿಕಾರವು ೧೫೨ನೆಯ ವಿಧಿಯಾಗಿ ಮುಂದುವರಿದಿದೆ. ಅನುಗ್ರಹವೆಂದು ಬೇಡುತ್ತಿದ್ದುದನ್ನು ಹಕ್ಕೆಂದು ಕೇಳುವ ಸ್ಥಿತಿಗೆ ನಾಗರಿಕನು ಬಂದುದು ಸಾಮಾನ್ಯವಾದ ಬದಲಾವಣೆಯಲ್ಲ.

ಆದರೂ ಹಳೆಯ ರೂಢಿ ಸುಲಭವಾಗಿ ಅಳಿಯುವುದಿಲ್ಲ. ೧೯೯೪ರ ಸೆಪ್ಟೆಂಬರಿನಲ್ಲಿ ಸೂರತ್ ನಗರದಲ್ಲಿ ಪ್ಲೇಗಿನ ಸುದ್ದಿ ಹಬ್ಬಿದಾಗ ಲಕ್ಷಾಂತರ ಜನ ರೈಲು ಬಸ್ಸುಗಳನ್ನೇರಿ ಊರು ತೊರೆದರು. ಮಳೆಗಾಲದ ನೆರೆಯ ಬಳಿಕ ಕೊಳೆಯುತ್ತ ಬಿದ್ದಿದ್ದ ಕಸವೂ, ಶ್ರಮಿಕರ ಇಕ್ಕಟ್ಟಾದ ವಸತಿಗಳೂ ಅಲ್ಲಿ ಮೊದಲಿನಿಂದಲೂ ಇದ್ದ ಕುಂದುಗಳೇ. ೧೯೯೫ರಲ್ಲಿ ಅಧಿಕಾರ ವಹಿಸಿಕೊಂಡ ಪೌರ ಕಮಿಷನರ್ ಎಸ್. ಆರ್. ರಾವ್ ಅಧಿಕಾರಿಗಳನ್ನು ದಿನವೂ ಬೀದಿಗಿಳಿಸಿ, ಕಸದ ವಿಲೇವಾರಿಯನ್ನು ಕ್ರಮಪಡಿಸಿದ ಮೇಲೆ ಆ ನಗರವು ಅಲ್ಪಕಾಲದಲ್ಲಿಯೇ ಸ್ವಚ್ಛತೆಗೆ ಹೆಸರಾಯಿತು. ಸಾಧ್ಯವಿದ್ದ ಕಾರ್ಯವನ್ನು ಪ್ಲೇಗು ಬರುವವರೆಗೆ ಏಕೆ ಮಾಡಲಿಲ್ಲವೆಂಬ ಪ್ರಶ್ನೆಯು ೧೮೯೮ರಲ್ಲಿ ಎಷ್ಟು ಪ್ರಸ್ತುತವೋ ೧೯೯೪ರಲ್ಲಿಯೂ ಅಷ್ಟೇ ಪ್ರಸ್ತುತವಾಗಿತ್ತು.

೮. ಉಪಸಂಹಾರ

ಈ ಇತಿಹಾಸದಿಂದ ಮೂರು ನಿರ್ಣಯಗಳನ್ನು ಹೊಂದಬಹುದಾಗಿದೆ. ಮೊದಲನೆಯದು, ನೆರೆಹೊರೆಯ ಕಂಟಕವನ್ನು ನಿವಾರಿಸಲು ಹೊರಟ ಆಡಳಿತವು ಕಂಟಕಕ್ಕೆ ಗುರಿಯಾದವರನ್ನೇ ಅಪರಾಧಿಗಳಂತೆ ಕಂಡರೆ ಕಂಟಕವೂ ಉಳಿಯುತ್ತದೆ, ವಿಶ್ವಾಸವೂ ಅಳಿಯುತ್ತದೆ. ಪುಣೆ ಮತ್ತು ಗಂಜಾಮುಗಳ ಪಾಠವಿದು. ಎರಡನೆಯದು, ಪ್ರಾಣಿಯನ್ನು ಕೊಲ್ಲುವ ಕಾರ್ಯಕ್ರಮವು ಅದರ ಆಹಾರ ಆಶ್ರಯಗಳನ್ನು ತೊಡೆದುಹಾಕುವ ಕಾರ್ಯಕ್ರಮಕ್ಕೆ ಪೂರಕವಾಗಬಲ್ಲುದೇ ಹೊರತು ಅದರ ಸ್ಥಾನವನ್ನು ತುಂಬಲಾರದು. ಮೂರನೆಯದು, ಮನೆ ಮತ್ತು ಬೀದಿಗಳ ಹೊಣೆಯನ್ನು ಪ್ರತ್ಯೇಕಿಸಿದಷ್ಟು ಕಾಲವೂ ಇಲಿಯು ಆ ಎರಡರ ನಡುವಿನ ಸಂದಿಯಲ್ಲಿ ಬಾಳುತ್ತದೆ. ಗೃಹಸ್ಥನು ತನ್ನ ಕಸವನ್ನು ಪಕ್ಕದ ನಿವೇಶನಕ್ಕೆ ಎಸೆದು ಪೌರಸಭೆಯನ್ನು ದೂರುವುದೂ, ಪೌರಸಭೆಯು ಚರಂಡಿಯನ್ನು ಹಾಳುಬಿಟ್ಟು ಗೃಹಸ್ಥನಿಗೆ ಉಪದೇಶ ಮಾಡುವುದೂ ಒಂದೇ ದೋಷದ ಎರಡು ರೂಪಗಳು.

ನಗರಸಭೆಗಳ ಹಳೆಯ ಕಡತಗಳಲ್ಲಿ ಚರಂಡಿ, ಕಸ, ಇಲಿ, ಸೊಳ್ಳೆಗಳನ್ನು ಕುರಿತು ನಿವಾಸಿಗಳು ಸಲ್ಲಿಸಿದ ಅರ್ಜಿಗಳನ್ನು ಅಲ್ಪವಿಷಯವೆಂದು ನಮ್ಮ ಸಂಶೋಧಕರು ಬದಿಗಿರಿಸುವುದು ಸಾಮಾನ್ಯ. ಆದರೆ ಯಾವ ಬೀದಿಯ ಅರ್ಜಿಗೆ ಉತ್ತರ ಬಂದಿತು, ಯಾವ ಬೀದಿಯ ಅರ್ಜಿಗೆ ಬರಲಿಲ್ಲ, ಉತ್ತರ ಬರಲು ಎಷ್ಟು ವರ್ಷ ಹಿಡಿಯಿತು ಎಂಬುದನ್ನು ಕ್ರಮವಾಗಿ ಪರಿಶೀಲಿಸಿದರೆ ಒಂದು ನಗರದ ಅಧಿಕಾರದ ನಿಜವಾದ ನಕ್ಷೆಯು ನಮಗೆ ದೊರಕೀತು. ಕಾಲೇಜುಗಳಲ್ಲಿ ಇತಿಹಾಸವನ್ನು ಅಭ್ಯಾಸ ಮಾಡುವ ವಿದ್ಯಾರ್ಥಿಗಳು ತಮ್ಮ ತಮ್ಮ ಊರಿನ ಪೌರಸಭೆಯ ದಾಖಲೆಗಳಿಂದಲೇ ಈ ಕಾರ್ಯವನ್ನು ಆರಂಭಿಸಬಹುದು. ಅದಕ್ಕೆ ದೂರದ ಗ್ರಂಥಾಲಯಗಳಿಗೆ ಪ್ರಯಾಣ ಮಾಡಬೇಕಾದುದಿಲ್ಲ; ಕಡತಗಳನ್ನು ಇಲಿಗಳು ತಿನ್ನುವುದಕ್ಕೆ ಮೊದಲು ಅವನ್ನು ತೆರೆದು ನೋಡಿದರೆ ಸಾಕು.